ಪ್ರಾರ್ಥನೆ ಕೊನೆಗಿರಲಿ, ಮೊದಲು ಕೇಳೋಣ

ಚರ್ಚಿನ ಜಗಳದಲ್ಲಿ ನನಗೆ ಬೈಗುಳಕ್ಕಿಂತ ಪ್ರಾರ್ಥನೆಯದ್ದೇ ಜಾಸ್ತಿ ಭಯ. ಬೈಯುವವರು ಬೈದು ಸುಸ್ತಾಗುತ್ತಾರೆ, ನೀರು ಕುಡಿಯುತ್ತಾರೆ, ಆಮೇಲೆ ಮಾತಿಗೆ ಸಿಗುತ್ತಾರೆ. ಆದರೆ ಎದುರಿಗೆ ಕೂತವರನ್ನೇ ಮನಸ್ಸಲ್ಲಿಟ್ಟುಕೊಂಡು "ಕರ್ತನೇ, ಗರ್ವದಿಂದ ನಡೆಯುವವರ ಹೃದಯವನ್ನು ಮುಟ್ಟು" ಎಂದು ಪ್ರಾರ್ಥಿಸುವವರಿಗೆ ಏನು ಹೇಳುವುದು? ಅವರ ಕಣ್ಣು ಮುಚ್ಚಿದೆ, ಕೈ ಮುಗಿದಿದೆ. ನಡುವೆ ಬಾಯಿ ಹಾಕುವ ಹಾಗಿಲ್ಲ. ಕೊನೆಗೆ ಬೈಸಿಕೊಂಡವರೂ ಸೇರಿ ಆಮೆನ್ ಹೇಳಬೇಕು.

ನಾನು ಕರಾವಳಿಯ ಒಂದು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವಳು. ಸಭೆ ಅಂದರೆ ನಮ್ಮಲ್ಲಿ ಚರ್ಚಿನ ಸಮುದಾಯ. ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದೆ. ಹಾಗಾಗಿ ಚಿಕ್ಕವರು ದೊಡ್ಡವರು ಎಲ್ಲರಿಗೂ ನಾನು ಟೀಚರ್. ಸಭೆಯ ಆಡಳಿತ ನೋಡುವ ಪಾಸ್ಟರೇಟ್ ಕಮಿಟಿಯಲ್ಲಿದ್ದಾಗ ಅಯ್ಯನವರು, ಅಂದರೆ ನಮ್ಮ ಪಾದ್ರಿಗಳು, ಒಂದು ಮನೆಯ ಜಗಳಕ್ಕೆ ನನ್ನನ್ನು ಜೊತೆಗೆ ಕರೆದರು. ಆ ಮನೆಯ ಹೆಂಗಸರು ಅವರೆದುರು ಬಾಯಿ ಬಿಡುತ್ತಿರಲಿಲ್ಲ, ಅದಕ್ಕೆ. ಕಮಿಟಿಯ ಅವಧಿ ಮುಗಿಯಿತು, ಈ ಕೆಲಸ ಮಾತ್ರ ನನ್ನನ್ನು ಬಿಡಲಿಲ್ಲ. ಅತ್ತೆ-ಸೊಸೆ, ಅಣ್ಣ-ತಮ್ಮ, ಹಾಡುವ ತಂಡವಾದ ಕ್ವಾಯರಿನಲ್ಲಿ ಯಾರು ಮುಂದೆ ನಿಲ್ಲಬೇಕು ಎಂಬ ಸಿಟ್ಟು, ಹೂಳುವ ಜಾಗದ ತಕರಾರು, ಹೀಗೆ ಏನಾದರೊಂದು ಬರುತ್ತಲೇ ಇರುತ್ತದೆ.

ಇದಕ್ಕೆ ಸಭೆಯಲ್ಲಿ ಹುದ್ದೆ ಅಂತ ಏನೂ ಇಲ್ಲ. ಆದರೆ ಬೈಬಲಿನಲ್ಲಿ ಒಂದು ಜಾಗವಿದೆ. ಫಿಲಿಪ್ಪಿಯ ಸಭೆಯ ಇಬ್ಬರು ಹೆಂಗಸರು ಜಗಳವಾಡಿಕೊಂಡಿದ್ದರು. ಯೇಸುವಿನ ಸುವಾರ್ತೆ ಸಾರುತ್ತಿದ್ದ ಪೌಲ ಅವರಿಬ್ಬರ ಹೆಸರೆತ್ತಿ, ಒಂದಾಗಿ ಎಂದು ಬೇಡಿಕೊಳ್ಳುತ್ತಾನೆ. ಅದೂ ಇಡೀ ಸಭೆಗೆ ಬರೆದ ಪತ್ರದಲ್ಲಿ! ಜಗಳ ಯಾತಕ್ಕೆ, ತಪ್ಪು ಯಾರದು, ಒಂದಕ್ಷರವೂ ಇಲ್ಲ. ಹೆಸರು ಹೇಳದ ಇನ್ನೊಬ್ಬ ಜೊತೆಗಾರನಿಗೆ, ಇವರಿಗೆ ಸಹಾಯ ಮಾಡು ಎನ್ನುತ್ತಾನೆ, ಅಷ್ಟೇ. ಆ ಹೆಸರಿಲ್ಲದವನ ಕೆಲಸವೇ ನನ್ನದು ಎಂದುಕೊಂಡಿದ್ದೇನೆ.

ನಾನು ಹಾಕಿಕೊಂಡ ನಿಯಮ ಒಂದೇ. ಎರಡೂ ಕಡೆಯವರ ಮಾತು ಪೂರ್ತಿ ಕೇಳುವ ತನಕ ಬೈಬಲ್ ವಚನ ಇಲ್ಲ, ಪ್ರಾರ್ಥನೆಯೂ ಇಲ್ಲ. ಬಾಗಿಲಲ್ಲೇ ಹೇಳಿಬಿಡುತ್ತೇನೆ. ಕೆಲವರಿಗೆ ಇದು ಸರಿ ಕಾಣುವುದಿಲ್ಲ. "ಏನು ಟೀಚರ್, ಪ್ರಾರ್ಥನೆ ಮಾಡದೆ ಶುರು ಮಾಡುವುದಾ?" ಎಂದು ಕೇಳುತ್ತಾರೆ. ನಾನು ಮನೆಯಿಂದ ಹೊರಡುವಾಗಲೇ ಮಾಡಿ ಬಂದಿದ್ದೇನೆ ಎನ್ನುತ್ತೇನೆ. ಅದು ನಿಜವೂ ಹೌದು.

ಹೊರಡುವ ಮೊದಲು ನಾನು ಓದುವುದು ಬೈಬಲಿನ ಕೀರ್ತನೆಗಳ ಪುಸ್ತಕ. ಅದರಲ್ಲೂ ಸಮಾಧಾನದ ಕೀರ್ತನೆಗಳನ್ನಲ್ಲ, ದೂರಿನ ಕೀರ್ತನೆಗಳನ್ನು. 13ನೆಯದು ಇದೆಯಲ್ಲ, ಎಷ್ಟರವರೆಗೆ ಕರ್ತನೇ, ನನ್ನನ್ನು ಪೂರ್ತಿ ಮರೆತುಬಿಡುವೆಯಾ ಎಂದು ಕೇಳುವುದು, ಅದು. ಅದಕ್ಕಿಂತ ಹೆಚ್ಚಾಗಿ 55ನೆಯದು. ನನ್ನನ್ನು ನೋಯಿಸಿದವನು ಶತ್ರುವಾಗಿದ್ದರೆ ತಾಳಿಕೊಳ್ಳುತ್ತಿದ್ದೆ. ಆದರೆ ನೀನು ನನ್ನ ಗೆಳೆಯ, ಇಬ್ಬರೂ ಜೊತೆಯಾಗಿ ದೇವಾಲಯಕ್ಕೆ ನಡೆದು ಹೋಗುತ್ತಿದ್ದೆವಲ್ಲ ಎಂದು ಅಳುವ ಭಾಗ ಅದರಲ್ಲಿದೆ. ಒಂದೇ ಬೆಂಚಿನಲ್ಲಿ ಕೂರುತ್ತಿದ್ದವರು ಮುಖ ತಿರುಗಿಸಿಕೊಂಡು ಹೋಗುವುದನ್ನು ಕಂಡವರಿಗೆ ಇದರ ಉರಿ ಗೊತ್ತು. ದೇವರು ತನ್ನ ಮುಖಕ್ಕೇ ಹೀಗೆ ಕೂಗಲು ಬಿಟ್ಟಿದ್ದಾನೆ, ಆ ಕೂಗನ್ನು ಆರಾಧನೆಯ ಪುಸ್ತಕದಲ್ಲೇ ಇಟ್ಟುಕೊಂಡಿದ್ದಾನೆ. ಹಾಗಿರುವಾಗ ಒಬ್ಬ ಅತ್ತಿಗೆ ನನ್ನೆದುರು ಕೂಗಿದರೆ "ಶ್, ಕ್ರೈಸ್ತರು ಹಾಗೆಲ್ಲ ಮಾತಾಡಬಾರದು" ಎನ್ನಲು ನಾನ್ಯಾರು?

ಬೈಬಲಿನಲ್ಲಿ ಎಲ್ಲವನ್ನೂ ಕಳೆದುಕೊಂಡು ನರಳಿದ ಯೋಬನ ಗೆಳೆಯರ ಕಥೆಯೂ ಇದನ್ನೇ ಹೇಳುತ್ತದೆ. ಅವರು ಬಂದು 7 ಹಗಲು 7 ರಾತ್ರಿ ಬಾಯಿ ಬಿಡದೆ ಅವನ ಜೊತೆ ನೆಲದ ಮೇಲೆ ಕೂತರು. ಅಷ್ಟು ದಿನ ಅವರು ಒಳ್ಳೆಯ ಗೆಳೆಯರೇ. ಬಾಯಿ ತೆರೆದ ಮೇಲೆ ಕೆಟ್ಟರು. ಅವರು ಆಡಿದ್ದರಲ್ಲಿ ಎಷ್ಟೋ ಮಾತು ಬಿಡಿಯಾಗಿ ನೋಡಿದರೆ ಸರಿಯಾಗಿಯೇ ಇವೆ, ಚರ್ಚಿನ ಪ್ರಸಂಗಕ್ಕೆ, ಅಂದರೆ ಉಪದೇಶಕ್ಕೆ, ಆಗುವಂಥವು. ಆದರೆ ಕೊನೆಯಲ್ಲಿ ದೇವರು ಸಿಟ್ಟಾಗುವುದು ಕೂಗಾಡಿದ ಯೋಬನ ಮೇಲಲ್ಲ, ದೇವರ ಪರವಾಗಿ ವಾದ ಮಾಡಿದ ಈ ಗೆಳೆಯರ ಮೇಲೆ. ನಮ್ಮ ಮನೆಪ್ರಾರ್ಥನೆಗಳಲ್ಲಿ ಈ ಭಾಗ ಓದುವುದು ಕಮ್ಮಿ. ಯಾಕೆ ಅಂತ ಗೊತ್ತಾಗುತ್ತದೆ, ಅಲ್ವಾ?

ನಮ್ಮ ಕಡೆಯ ಒಂದು ವಿಷಯ ಹೇಳಬೇಕು. ನಮ್ಮಲ್ಲಿ ಬಹಳ ಮನೆಗಳಲ್ಲಿ ಮಾತು ತುಳು, ಆರಾಧನೆ ಕನ್ನಡ. 1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದ ಮೇಲೆ ತುಳುವಿನಲ್ಲೂ ಬೈಬಲ್ ಭಾಗಗಳು, ಹಾಡುಗಳು ಆದವು. ಆದರೂ ದೇವರ ಹತ್ತಿರ ಮಾತಾಡುವಾಗ ನಮ್ಮ ಬಾಯಿಗೆ ಬರುವುದು ಗ್ರಂಥದ ಕನ್ನಡ. ಜಗಳ ಶುರುವಾಗುವುದು ತುಳುವಿನಲ್ಲಿ. ಯಾರಾದರೂ ನಡುವೆ ಕನ್ನಡಕ್ಕೆ ಹಾರಿ, "ಮನುಷ್ಯನು ಏನು ಬಿತ್ತುತ್ತಾನೋ..." ಎಂದು ಶುರು ಮಾಡಿದರೆ, ಅವರು ಮಾತು ನಿಲ್ಲಿಸಿ ಗುರಾಣಿ ಹಿಡಿದರು ಎಂದೇ ಲೆಕ್ಕ. ಆಗ ನಾನು ತುಳುವಿನಲ್ಲೇ, "ಬೈಬಲ್ ಬೊಡ್ಚಿ, ಈರ್ ಪನ್ಲೆ" ಎನ್ನುತ್ತೇನೆ. ಬೈಬಲ್ ಬೇಡ, ನೀವು ಹೇಳಿ ಅಂತ. ಸಭೆಯ ಹಿರಿಯಳು ಬೈಬಲ್ ಬೇಡ ಅಂದಳು ಎಂದು ಒಬ್ಬರು ಅಯ್ಯನವರ ಹತ್ತಿರ ದೂರು ಕೊಟ್ಟದ್ದೂ ಆಗಿದೆ. ಅವರು ನಕ್ಕು ಸುಮ್ಮನಾದರು.

ಒಂದು ಮನೆಯದ್ದು ಹೇಳುತ್ತೇನೆ. ಗುರುತು ಸಿಗದ ಹಾಗೆ ಊರು, ಸಂಬಂಧಗಳನ್ನು ಸ್ವಲ್ಪ ಬದಲಿಸಿದ್ದೇನೆ.

ತಾಯಿ ತೀರಿಕೊಂಡಿದ್ದರು. ಹಳೆಯ ಹಂಚಿನ ಮನೆ, ಸುತ್ತ ಕೆಲವು ಸೆಂಟ್ಸ್ ಜಾಗ. ಅಣ್ಣ ಮನೆಯಲ್ಲೇ ಇದ್ದವನು. ತಮ್ಮ ಕುವೈತ್‌ನಲ್ಲಿ. ಇಬ್ಬರಿಗೂ ಹಿರಿಯವಳು ಒಬ್ಬ ಅಕ್ಕ, ಶಿವಮೊಗ್ಗಕ್ಕೆ ಮದುವೆಯಾಗಿ ಹೋದವಳು. ಪೂರ್ತಿ ಮನೆ ತನಗೇ ಸಿಗಬೇಕು ಎಂದು ಅಣ್ಣ, ಅರ್ಧ ಕೊಡಲೇಬೇಕು ಎಂದು ತಮ್ಮ. ವಕೀಲರ ನೋಟಿಸು ಹೋಗಿ ಬಂದಾಗಿತ್ತು.

ಇಂಥ ಕಡೆ ಯಾರ ಮನೆಗೆ ಮೊದಲು ಹೋಗುವುದು ಎನ್ನುವುದೇ ದೊಡ್ಡ ಪ್ರಶ್ನೆ. ಮೊದಲು ವಾದ ಹೇಳಿದವನೇ ನ್ಯಾಯವಂತ ಎಂದು ಕಾಣುತ್ತಾನೆ, ಇನ್ನೊಬ್ಬ ಬಂದು ಪರೀಕ್ಷಿಸುವ ತನಕ ಎಂಬ ಮಾತು ಬೈಬಲಿನ ಜ್ಞಾನೋಕ್ತಿಗಳ 18ನೇ ಅಧ್ಯಾಯದಲ್ಲಿದೆ. ಹಾಗಾಗಿ ಯಾರ ಕಥೆ ಊರಲ್ಲಿ ಆಗಲೇ ಹಬ್ಬಿದೆಯೋ ಅವರಲ್ಲಿಗೆ ಆಮೇಲೆ ಹೋಗುತ್ತೇನೆ. ಇಲ್ಲಿ ತಮ್ಮನ ಕಥೆ ಕುವೈತ್‌ನಿಂದ ವಾಟ್ಸಾಪಿನಲ್ಲಿ ಬಂದು ಇಡೀ ಸಭೆ ಸುತ್ತಿತ್ತು. ನಾನು ಅಣ್ಣನ ಮನೆಗೆ ಹೋದೆ.

ಹಾಲ್‌ನಲ್ಲಿ ಕೂರುವುದಿಲ್ಲ, ಆದಷ್ಟು ಅಡುಗೆಮನೆಯಲ್ಲೇ ಕೂರುತ್ತೇನೆ. ಹಾಲ್‌ನಲ್ಲಿ ಮನೆಯ ಯಜಮಾನನೊಬ್ಬನೇ ಮಾತಾಡುತ್ತಾನೆ. ಅಣ್ಣ ಬಾಗಿಲಿಗೆ ಒರಗಿ ನಿಂತು ಜಾಗದ ಲೆಕ್ಕ ಹೇಳಿದ. ತೆರಿಗೆ ಕಟ್ಟಿದ್ದು, ಮಾಡಿನ ಪಕ್ಕಾಸು ಬದಲಿಸಿದ್ದು, ಬಾವಿಗೆ ಪಂಪ್ ಹಾಕಿಸಿದ್ದು. ಎಲ್ಲ ಮುಗಿದ ಮೇಲೆ ನಾನು ಕೇಳಿದ್ದನ್ನು ತಿರುಗಿ ಹೇಳಿದೆ. "ಅಂದರೆ ನೀವು ಈ ಮನೆಗೆ ದುಡ್ಡು ಹಾಕಿದ್ದೀರಿ, ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ, ಅದೇ ಬೇಜಾರು. ಸರಿಯಾ?"

ಹೀಗೆ ತಿರುಗಿ ಹೇಳುವುದೇ ನನ್ನ ಮುಖ್ಯ ಕೆಲಸ. "ಹೌದು, ಅದೇ" ಎಂದು ಅವರ ಬಾಯಿಂದ ಬರುವ ತನಕ ಮುಂದೆ ಹೋಗುವುದಿಲ್ಲ. ಆ ದಿನ ಅಣ್ಣ ಹೌದು ಎನ್ನಲಿಲ್ಲ. ಅವನ ಹೆಂಡತಿ ಒಲೆಯ ಕಡೆಯಿಂದ ತಿರುಗದೆಯೇ, "ದುಡ್ಡಲ್ಲ ಟೀಚರ್" ಎಂದಳು. ಆಮೇಲೆ ನಿಜವಾದ ವಿಷಯ ಬಂತು.

ತಾಯಿಯ ಮಣ್ಣಾದ ದಿನ ಮನೆಯವರ ಪರವಾಗಿ ವಂದನೆ ಹೇಳಿದ್ದು ತಮ್ಮ. ಡಾಕ್ಟರಿಗೆ, ಅಯ್ಯನವರಿಗೆ, ಕ್ವಾಯರಿನವರಿಗೆ, ಕುರ್ಚಿ ಶಾಮಿಯಾನ ತಂದವರಿಗೆ ಎಲ್ಲರಿಗೂ ವಂದನೆ ಹೇಳಿದ. ವರ್ಷಗಟ್ಟಲೆ ಅತ್ತೆಗೆ ಸ್ನಾನ ಮಾಡಿಸಿ, ರಾತ್ರಿ ಎದ್ದು ಬಟ್ಟೆ ಬದಲಿಸಿದ ಅತ್ತಿಗೆಯ ಹೆಸರು ಹೇಳಲಿಲ್ಲ. "ಶಾಮಿಯಾನದವನ ಹೆಸರು ಬಂತು" ಎಂದಳು ಅವಳು. ಅಣ್ಣ ನೆಲ ನೋಡುತ್ತಿದ್ದ. ಆ ಮಾತನ್ನು ಅವನೂ ಅಲ್ಲಿಯವರೆಗೆ ಅಷ್ಟು ಸ್ಪಷ್ಟವಾಗಿ ಕೇಳಿಸಿಕೊಂಡಿರಲಿಲ್ಲ ಎಂದು ನನಗೆ ಅನಿಸಿತು.

ಇಲ್ಲಿ ನನಗೆ ನಾಲಗೆ ತುದಿಗೆ ಬಂದ ವಚನ ಯಾವುದು ಗೊತ್ತಾ? ಬಲಗೈ ಮಾಡಿದ್ದು ಎಡಗೈಗೆ ತಿಳಿಯಬಾರದು, ನಿಮ್ಮ ತಂದೆ ಗುಪ್ತದಲ್ಲಿ ನೋಡುತ್ತಾನೆ. ಸತ್ಯವಾದ ವಚನವೇ. ಆ ಹೊತ್ತಿಗೆ ಹೇಳಿದ್ದರೆ ಅವಳ ಬಾಯಿ ಶಾಶ್ವತವಾಗಿ ಮುಚ್ಚುತ್ತಿತ್ತು. ಕಾಫಿ ಕುಡಿದು ಎದ್ದು ಬಂದೆ.

ತಮ್ಮನ ಜೊತೆ ವಿಡಿಯೋ ಕರೆಯಲ್ಲಿ ಮಾತಾಡಿದೆ. ಅವನದ್ದು ಬೇರೆಯೇ ಗಾಯ. ಆರಾಧನೆ ಮುಗಿಸಿ ವಾರವಾರ ಫೋನ್ ಮಾಡುತ್ತಿದ್ದನಂತೆ. ಪ್ರತಿಸಲ "ಅಮ್ಮ ಚೆನ್ನಾಗಿದ್ದಾರೆ" ಎಂದೇ ಉತ್ತರ. ದೂರದಲ್ಲಿರುವವನಿಗೆ ಯಾಕೆ ಗಾಬರಿ ಎಂದು ಇವರು ಹಾಗೆ ಹೇಳಿದ್ದು. ಐಸಿಯುಗೆ ಸೇರಿಸಿದ ಮೇಲೆ ನಿಜ ಹೇಳಿದರು. ಅವನು ಬಂದು ತಲುಪುವಷ್ಟರಲ್ಲಿ ತಾಯಿಗೆ ಮಾತು ನಿಂತಿತ್ತು. "ನನ್ನನ್ನು ದುಡ್ಡು ಕಳಿಸುವ ಮೆಶಿನ್ ಮಾಡಿಟ್ಟರು" ಎಂದ. ವಂದನೆಯಲ್ಲಿ ಅತ್ತಿಗೆಯ ಹೆಸರು ಬಿಟ್ಟುಹೋದದ್ದು ಅವನಿಗೆ ನೆನಪೇ ಇರಲಿಲ್ಲ.

ಇನ್ನು ಅಕ್ಕ. ಅವಳನ್ನು ಈ ಜಗಳದಲ್ಲಿ ಯಾರೂ ಏನೂ ಕೇಳಿರಲಿಲ್ಲ. ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಲು ಬಾ ಎಂದಿದ್ದರು, ಅಷ್ಟೇ. ಕ್ರೈಸ್ತರಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಲ್ಲಿ, ವಿಲ್ ಬರೆಯದೆ ತಾಯಿ ತೀರಿಕೊಂಡರೆ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮಪಾಲು. ಅರ್ಧ-ಅರ್ಧ ಎಂಬ ಲೆಕ್ಕವೇ ತಪ್ಪು, ಮೂರು ಪಾಲಾಗಬೇಕು. ಇದನ್ನು ನಾನು ಮೂವರಿಗೂ ಒಂದೇ ರೀತಿ ಹೇಳಿದೆ. ಒಬ್ಬರ ಪರ ವಹಿಸದೆ ಇರುವುದು ಅಂದರೆ ಕಾನೂನಿನಲ್ಲಿ ಇರುವುದನ್ನು ಮುಚ್ಚಿಡುವುದಲ್ಲ. ಪ್ರೀತಿಯಿಂದ ಸತ್ಯ ಹೇಳುವುದು ಎಂದು ಎಫೆಸದವರಿಗೆ ಬರೆದಿದೆಯಲ್ಲ, ಅದರಲ್ಲಿ ಪ್ರೀತಿ ಮಾತ್ರ ಇಟ್ಟುಕೊಂಡು ಸತ್ಯ ಬಿಡುವುದು ನಮ್ಮ ಸಭೆಗಳ ಹಳೆಯ ಅಭ್ಯಾಸ.

ಪಾಲು ಹೇಗೆ ಹಂಚಬೇಕು ಎಂದು ಮಾತ್ರ ನಾನು ತೀರ್ಪು ಕೊಡುವುದಿಲ್ಲ. ಒಬ್ಬ ಬಂದು, ಬೋಧಕನೇ, ಆಸ್ತಿ ಪಾಲು ಮಾಡಿಕೊಡಲು ನನ್ನ ಅಣ್ಣನಿಗೆ ಹೇಳು ಎಂದಾಗ ಯೇಸುವೇ, ನನ್ನನ್ನು ನಿಮ್ಮ ನ್ಯಾಯಾಧಿಪತಿಯಾಗಿ ಮಾಡಿದವರು ಯಾರು ಎಂದು ಕೇಳಿದನು. ಲೂಕ 12ನೇ ಅಧ್ಯಾಯ. ಆಸೆಬುರುಕತನದ ಬಗ್ಗೆ ಎಚ್ಚರ ಹೇಳಿದನು, ಜಾಗ ಅಳೆಯಲು ಹೋಗಲಿಲ್ಲ. ಅಳತೆಗೆ ಸರ್ವೆಯವರಿದ್ದಾರೆ.

ತಮ್ಮ ರಜೆಗೆ ಬಂದಾಗ ಮೂವರನ್ನೂ ಜಗಲಿಯಲ್ಲಿ ಕೂರಿಸಿದೆವು. ಅತ್ತಿಗೆಯನ್ನೂ. ಅವಳು ಚಹಾ ಮಾಡಲು ಎದ್ದಾಗ, ಚಹಾ ನಾನು ಮಾಡುತ್ತೇನೆ, ನೀನು ಕೂತ್ಕೋ ಎಂದೆ. ಒಂದೇ ಷರತ್ತು. ಉತ್ತರ ಕೊಡುವ ಮೊದಲು ಎದುರಿನವರು ಹೇಳಿದ್ದನ್ನು ಅವರು ಒಪ್ಪುವ ಹಾಗೆ ತಿರುಗಿ ಹೇಳಬೇಕು. ಪ್ರತಿಯೊಬ್ಬನೂ ಕೇಳುವುದರಲ್ಲಿ ಬೇಗ, ಮಾತಾಡುವುದರಲ್ಲಿ ನಿಧಾನ ಇರಲಿ ಎಂದು ಯಾಕೋಬ ಬರೆದದ್ದನ್ನು ಆಚರಣೆಗೆ ತರಲು ನನಗೆ ಗೊತ್ತಿರುವ ದಾರಿ ಇದೊಂದೇ. ಬಾಯಿಪಾಠ ಎಲ್ಲರಿಗೂ ಬರುತ್ತದೆ. ಭಾನುವಾರ ಶಾಲೆಯಲ್ಲಿ ನಾನೇ ಕಲಿಸಿದ್ದೇನೆ.

ತಮ್ಮನಿಗೆ ಇದು ಕಷ್ಟವಾಯಿತು. ಅತ್ತಿಗೆ ಹೇಳಿದ್ದನ್ನು ತಿರುಗಿ ಹೇಳಲು ಹೋಗಿ ಎರಡು ಸಲ ತನ್ನ ಸಮರ್ಥನೆಗೇ ಜಾರಿದ. ನಾನು ಕೈ ಎತ್ತಿ ನಿಲ್ಲಿಸಿದೆ. ಮೂರನೆಯ ಸಲ ತುಳುವಿನಲ್ಲಿ ಮೆಲ್ಲಗೆ, "ನೀವು ಅಮ್ಮನನ್ನು ನೋಡಿಕೊಂಡಿರಿ, ನಾನು ಎಲ್ಲರೆದುರು ಮೈಕ್ ಹಿಡಿದು ನಿಮ್ಮನ್ನು ಬಿಟ್ಟೆ" ಎಂದ. ಅವಳು ಏನೂ ಹೇಳಲಿಲ್ಲ, ತಲೆಯಾಡಿಸಿದಳು. ಅಣ್ಣನ ಸರದಿ ಬಂದಾಗ "ಚೆನ್ನಾಗಿದ್ದಾರೆ" ಎಂದು ಹೇಳುತ್ತಿದ್ದದ್ದು ಸುಳ್ಳೇ ಎಂದು ಒಪ್ಪಿಕೊಳ್ಳಲು ಅವನಿಗೂ ಅಷ್ಟೇ ಹೊತ್ತು ಹಿಡಿಯಿತು.

ಆಮೇಲೆ ಎಲ್ಲ ಸರಿಹೋಯಿತು ಎಂದು ಬರೆದರೆ ಸಭೆಯವರು ನಗುತ್ತಾರೆ. ಅಕ್ಕನ ಪಾಲಿಗೆ ದುಡ್ಡು ಕೊಡುವುದೆಂದಾಯಿತು. ಅಣ್ಣ ಮನೆ ಇಟ್ಟುಕೊಂಡ, ತಮ್ಮನಿಗೆ ಹಿಂದಿನ ಜಾಗ. ಬೇಲಿಯ ಬಗ್ಗೆ ಈಗಲೂ ಕಿರಿಕಿರಿ ಇದೆ. ಕೋರ್ಟಿಗೆ ಮಾತ್ರ ಹೋಗಲಿಲ್ಲ.

ಕೊನೆಗೆ ಪ್ರಾರ್ಥನೆ ಮಾಡಿದೆವು. ಅಲ್ಲೂ ನನ್ನದೊಂದು ಪದ್ಧತಿಯಿದೆ. ಕಣ್ಣಿಲ್ಲದ ಬಾರ್ತಿಮಾಯ ಕೂಗಿಕೊಂಡು ಹತ್ತಿರ ಬಂದಾಗ, ಅವನಿಗೆ ಏನು ಬೇಕು ಎಂದು ಯಾರಿಗಾದರೂ ಗೊತ್ತಾಗುತ್ತಿತ್ತು. ಆದರೂ ಯೇಸು, ನಾನು ನಿನಗೆ ಏನು ಮಾಡಬೇಕು ಎಂದು ಕೇಳಿದನು. ಹಾಗೆ ನಾನೂ ಒಬ್ಬೊಬ್ಬರನ್ನೇ ಕೇಳುತ್ತೇನೆ, "ದೇವರ ಹತ್ತಿರ ಏನು ಕೇಳಲಿ?" ಅವರು ಹೇಳಿದ್ದನ್ನಷ್ಟೇ ಕೇಳುತ್ತೇನೆ, ನನ್ನದೇನೂ ಸೇರಿಸುವುದಿಲ್ಲ. "ನನ್ನ ಮೈದುನನಿಗಾಗಿ ಈಗ ಬೇಡ, ಮುಂದಿನ ಸಲ ನೋಡೋಣ" ಎಂದಳು ಅತ್ತಿಗೆ. ಹಾಗೇ ಬಿಟ್ಟೆ.

ಇಡೀ ಸಭೆಯ ಜಗಳ ಬೇರೆ ಥರ. ನಮ್ಮಲ್ಲಿ ಬೆಳಗಿನ ಕನ್ನಡ ಆರಾಧನೆಯ ಸಮಯಕ್ಕೆ ಇಂಗ್ಲಿಷ್ ಆರಾಧನೆ ಬೇಕು ಎಂದು ಯುವಕರು ಕೇಳಿದಾಗ ಆದದ್ದು ಅದು. ಕನ್ನಡ ಬಿಡುತ್ತೀರಾ ಎಂದು ಒಂದು ಕಡೆ, ಮಕ್ಕಳೇ ಚರ್ಚ್ ಬಿಡುತ್ತಾರೆ ಎಂದು ಇನ್ನೊಂದು ಕಡೆ. ವಾಟ್ಸಾಪ್ ಗ್ರೂಪಿನಲ್ಲಿ ವಚನಗಳ ಸುರಿಮಳೆ. ಅದೂ ಹೂವಿನ ಚಿತ್ರ, ಶುಭೋದಯದ ಜೊತೆ! ಯಾವ ವಚನ ಯಾರಿಗೆ ಎಂದು ಎಲ್ಲರಿಗೂ ಅರ್ಥವಾಗುತ್ತಿತ್ತು. ಅಡ್ಮಿನ್‌ಗೆ ಹೇಳಿ ಮಾತುಕತೆ ಮುಗಿಯುವವರೆಗೆ ಗ್ರೂಪಿನಲ್ಲಿ ಸೂಚನೆ ಮಾತ್ರ ಹಾಕುವ ಹಾಗೆ ಮಾಡಿಸಿದೆವು. ಬೇಕಾದವರು ಮನೆಗೆ ಬಂದು ಹೇಳಲಿ ಎಂದೆವು.

ಆ ಸಭೆ ಕೂಟದಲ್ಲಿ ನಾನು ಅಪೊಸ್ತಲರ ಕೃತ್ಯಗಳ 6ನೇ ಅಧ್ಯಾಯ ನೆನಪಿಸಿದೆ. ಎರಡೂ ಕಡೆಯವರು ಮಾತಾಡಿ ಮುಗಿಸಿದ ಮೇಲೆ, ಮೊದಲಲ್ಲ. ಮೊದಲನೆಯ ಸಭೆಯಲ್ಲೂ ಭಾಷೆಯ ಗೆರೆಯಲ್ಲೇ ಗುಣುಗುಟ್ಟುವಿಕೆ ಎದ್ದಿತ್ತು. ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದ ಊಟ ಹಂಚುವಾಗ ಅಲಕ್ಷ್ಯವಾಗುತ್ತಿದೆ ಎಂದು. ಗುಣುಗುಟ್ಟಬೇಡಿ, ನಂಬಿಕೆ ಇಡಿ ಎಂದು ಅಪೊಸ್ತಲರು ಅವರ ಬಾಯಿ ಮುಚ್ಚಿಸಲಿಲ್ಲ. ಏಳು ಜನರನ್ನು ಆರಿಸಿಕೊಳ್ಳಿ ಎಂದು ಸಭೆಗೇ ಹೇಳಿದರು. ಸ್ತೆಫನ, ಫಿಲಿಪ್ಪ ಮೊದಲಾದ ಆ ಏಳೂ ಹೆಸರು ಗ್ರೀಕ್ ಹೆಸರುಗಳೇ. ದೂರು ಕೊಟ್ಟ ಕಡೆಯವರ ಕೈಗೇ ಹಂಚುವ ಕೆಲಸ ಹೋಯಿತು.

ಇನ್ನೊಂದು ವಿಷಯವನ್ನೂ ಹೇಳಿದೆ. ನಮ್ಮ ಸಿಎಸ್‌ಐ ಹುಟ್ಟಿದ್ದೇ ಮಾತುಕತೆಯಿಂದ. 1919ರಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ ಬೇರೆ ಬೇರೆ ಸಭೆಗಳ ಜನ ಸೇರಿ ಒಂದಾಗುವ ಮಾತು ತೆಗೆದರು. ಬಿಷಪ್ ಬೇಕು ಎನ್ನುವವರು, ಬಿಷಪ್ಪರನ್ನೇ ಕಾಣದವರು, ಎಲ್ಲರೂ ವಾದಿಸಿ ವಾದಿಸಿ ಮದ್ರಾಸಿನಲ್ಲಿ ಒಂದಾದದ್ದು 1947ರ ಸೆಪ್ಟೆಂಬರ್ 27ರಂದು. 28 ವರ್ಷ. "ನಮಗೆ ಒಂದು ಸಂಜೆ ಸಾಕಾಗಲಿಲ್ಲ ಅಂದರೆ ಪರವಾಗಿಲ್ಲ" ಎಂದಾಗ ಸ್ವಲ್ಪ ನಗು ಬಂತು.

ಆವತ್ತು ಹೊಸದಾಗಿ ಗೊತ್ತಾದದ್ದು ಒಂದು ಅಜ್ಜಿಯಿಂದ. ಅವರಿಗೆ ಇಂಗ್ಲಿಷ್ ಬಗ್ಗೆ ಏನೂ ತಕರಾರಿಲ್ಲ. ಕನ್ನಡ ಆರಾಧನೆ ತಡವಾದರೆ ಅವರ ಊರಿನ ಬಸ್ಸು ತಪ್ಪುತ್ತದೆ, ಮುಂದಿನ ಬಸ್ಸು ಮಧ್ಯಾಹ್ನದ ಮೇಲೆ. ಭಾಷೆ, ಸಂಸ್ಕೃತಿ ಎಂದು ಅವರ ಪರವಾಗಿ ಭಾಷಣ ಮಾಡಿದವರಿಗೂ ಈ ಬಸ್ಸಿನ ವಿಷಯ ಗೊತ್ತಿರಲಿಲ್ಲ. ಕೊನೆಗೆ ಇಂಗ್ಲಿಷ್ ಆರಾಧನೆ ಸಂಜೆಗೆ ಹೋಯಿತು. ಕೆಲವು ಯುವ ಕುಟುಂಬಗಳಿಗೆ ಅದು ಸಾಲಲಿಲ್ಲ, ಬೇರೆ ಸಭೆಗೆ ಹೋದರು. ಪೌಲ, ಅವನ ಜೊತೆಗಾರ ಬಾರ್ನಬರೂ ತಮ್ಮ ಜೊತೆ ಕೆಲಸ ಮಾಡಿದ್ದ ಮಾರ್ಕನ ವಿಷಯಕ್ಕೆ ಜಗಳವಾಡಿ ಬೇರೆ ಬೇರೆ ದಾರಿ ಹಿಡಿದರು. ಎಷ್ಟೋ ಕಾಲದ ಮೇಲೆ, ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಉಪಯುಕ್ತ ಎಂದು ಪೌಲ ಬರೆದ. ಹೋದವರ ಮದುವೆ-ಸಾವಿಗೆ ನಾವು ಹೋಗುವುದನ್ನು ನಿಲ್ಲಿಸಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ, ಎಲ್ಲಿ ನಾನು ಈ ಕೆಲಸ ಮಾಡುವುದಿಲ್ಲ ಎಂದೂ ಹೇಳಬೇಕು. ಕೈ ಎತ್ತುವ ಗಂಡಸಿನ ಮನೆ ಅದು.

ಅಲ್ಲಿಗೂ ನನ್ನನ್ನು ಕರೆಯುತ್ತಾರೆ. ಸಾಮಾನ್ಯವಾಗಿ ಅತ್ತೆ ಕರೆಯುತ್ತಾರೆ. "ಇಬ್ಬರನ್ನೂ ಕೂರಿಸಿ ಬುದ್ಧಿ ಹೇಳಿ ಟೀಚರ್." ಜೊತೆಗೆ ಎರಡು ವಚನ ತಯಾರಿರುತ್ತವೆ. ಒಂದು, ಏಳೆಪ್ಪತ್ತು ಸಲ ಕ್ಷಮಿಸಬೇಕು. ಇನ್ನೊಂದು, ಮತ್ತಾಯ 18. ನಿನ್ನ ಸಹೋದರ ತಪ್ಪು ಮಾಡಿದರೆ ನೀನು ಹೋಗಿ ಅವನೊಬ್ಬನೇ ಇರುವಾಗ ತಿಳಿಸು. ಹೊಡೆತ ತಿಂದವಳು ಹೊಡೆದವನ ಹತ್ತಿರ ಒಬ್ಬಳೇ ಹೋಗಿ ತಿಳಿಸಬೇಕಂತೆ! ಅದೇ ಅಧ್ಯಾಯ ಚಿಕ್ಕವರಿಗೆ ಅಡ್ಡಿ ಮಾಡುವವನ ಕೊರಳಿಗೆ ಬೀಸುವ ಕಲ್ಲು ಕಟ್ಟುವ ಮಾತಿನ ಹತ್ತಿರದಲ್ಲೇ ಶುರುವಾಗುತ್ತದೆ ಎನ್ನುವುದನ್ನು ಯಾರೂ ಓದುವುದಿಲ್ಲ.

ಅಂಥಲ್ಲಿ ಇಬ್ಬರನ್ನೂ ಎದುರುಬದುರು ಕೂರಿಸಿದರೆ ಅವಳು ನಿಜ ಹೇಳುವುದಿಲ್ಲ. ಹೇಳಿದರೆ ರಾತ್ರಿ ಅದಕ್ಕೆ ಬೇರೆ ಬೆಲೆ ಕಟ್ಟಬೇಕಾಗುತ್ತದೆ. ಹಾಗಾಗಿ ಅವಳೊಬ್ಬಳನ್ನೇ, ನನ್ನ ಮನೆಯಲ್ಲೋ ಅವಳ ತವರಿನಲ್ಲೋ, ಕೇಳುತ್ತೇನೆ. ತಿರುಗಿ ಹೇಳುವ ಆಟ ಇಲ್ಲ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿ ಅವಳಿಗೆ ಅದೇ ಮನೆಯಲ್ಲಿ ಇರುವ ಹಕ್ಕಿದೆ, ರಕ್ಷಣೆಯ ಆದೇಶ ಕೇಳಬಹುದು ಎಂದು ಹೇಳುತ್ತೇನೆ. 181 ಸಹಾಯವಾಣಿಯ ನಂಬರ್ ಕೊಡುತ್ತೇನೆ, ತುರ್ತಿದ್ದರೆ 112. ಆ ಕಾಯ್ದೆಯಡಿ ಇರುವ ಸಂರಕ್ಷಣಾಧಿಕಾರಿಯ ಕಚೇರಿಗೆ ಬೇಕಾದರೆ ಜೊತೆಗೆ ಹೋಗುತ್ತೇನೆ. ಹೋಗಬೇಕೋ ಬೇಡವೋ ಅವಳೇ ತೀರ್ಮಾನಿಸಬೇಕು.

ಆಗ ಕಮಿಟಿಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ, "ಎರಡೂ ಕಡೆ ಕೇಳಬೇಕು ಅಂತ ನೀವೇ ಹೇಳುತ್ತೀರಿ. ಅವನ ಮಾತನ್ನೂ ಕೇಳಬೇಕಲ್ವಾ ಟೀಚರ್?" ಕೇಳಬೇಕು. ಬೇರೆಯವರು ಕೇಳಲಿ, ಬೇರೆ ಜಾಗದಲ್ಲಿ, ಅವಳು ಮಕ್ಕಳ ಜೊತೆ ಕ್ಷೇಮವಾಗಿದ್ದಾಳೆ ಎಂದು ಖಾತ್ರಿಯಾದ ಮೇಲೆ.